ಮೂವತ್ತು ಸಾವಿರಕ್ಕೆ ಎಷ್ಟು ಬೆಳಕು?

ದಸರೆಯ ಆಫರ್‌ಗಳ ಸುಗ್ಗಿ ವರ್ಷವರ್ಷವೂ ಬರುತ್ತದೆ. ಡಿಎಸ್‌ಎಲ್‌ಆರ್ ಕಾಲ ಮುಗಿಯಿತು ಎನ್ನುತ್ತಿದೆ ಮಾರುಕಟ್ಟೆ. ಜೇಬು ಸಣ್ಣದಿರುವವರಿಗೆ ಒಳ್ಳೆಯ ಕಾಲ ಬಂದಿರುವುದೇ ಈಗ! ಆದರೆ ಬಾಡಿಯ ಅಂದ ನೋಡಿ ದುಡ್ಡು ಸುರಿದಿರೋ, ಕೆಟ್ಟಿರಿ.

ಆಯುಧಪೂಜೆಯ ಬೆಳಿಗ್ಗೆ ತಾಲ್ಲೂಕು ಊರಿನ ಫೋಟೊ ಸ್ಟುಡಿಯೊಗೆ ಕಾಲಿಟ್ಟರೆ ಕ್ಯಾಮೆರಾಗಳ ಇಡೀ ವಂಶವೇ ಸಾಲಾಗಿ ಕೂತಿರುತ್ತದೆ. ಬಿಳಿ ಪಂಚೆ ಹಾಸಿದ ಮೇಜು. ಒಂದು ತುದಿಯಲ್ಲಿ ರೋಲ್ ಕಾಲದ ಯಾಶಿಕಾ, ಅದರ ಮಗ್ಗುಲಲ್ಲಿ ಗ್ರಿಪ್‌ನ ರಬ್ಬರ್ ಸವೆದ ಎರಡು ಡಿಎಸ್‌ಎಲ್‌ಆರ್, ಇನ್ನೊಂದು ತುದಿಯಲ್ಲಿ ಹೊಸದಾಗಿ ಬಂದ ಮಿರರ್‌ಲೆಸ್. ಎಲ್ಲಕ್ಕೂ ಸೇವಂತಿಗೆ, ಎಲ್ಲಕ್ಕೂ ಅರಿಶಿನ–ಕುಂಕುಮ.

ಸಹಾಯಕ ಹುಡುಗನ ಬೆರಳು ಗಾಜಿನ ಸಮೀಪ ಹೋಗುತ್ತಿದ್ದಂತೆ ಯಜಮಾನರ ಕೂಗು: ‘ಲೇಯ್, ಲೆನ್ಸಿಗೆ ಮುಟ್ಟಿಸಬೇಡ್ವೋ! ಬಾಡಿಗಿಡು, ಬಾಡಿಗೆ!’

ಚರುಪಿನ ಹೊತ್ತಿಗೆ ಪಕ್ಕದ ಬೀದಿಯ ಮೇಷ್ಟ್ರು ಪಿಯುಸಿ ಓದುವ ಮಗಳನ್ನು ಕರೆದುಕೊಂಡು ಬಂದರು. ‘ಇವಳಿಗೆ ಡಿಎಸ್‌ಎಲ್‌ಆರ್ ಬೇಕಂತೆ ಕಣ್ರೀ. ಮೂವತ್ತು ಸಾವಿರದ ಮೇಲೆ ನನ್ನ ಕೈಲಾಗಲ್ಲ.’

‘ಅಂಕಲ್, ಕ್ಯಾನನ್ನಾ ನಿಕಾನಾ?’ ಮಗಳ ಪ್ರಶ್ನೆ.

‘ಏನು ತೆಗೀಬೇಕಮ್ಮ ನೀನು?’

‘ಎಲ್ಲಾನೂ.’

‘ಎಲ್ಲಾನೂ ತೆಗೆಯೋ ಕ್ಯಾಮೆರಾ ನಿಮ್ಮಪ್ಪನ ಜೇಬಲ್ಲೇ ಇದೆಯಲ್ಲ!’

ಮೇಷ್ಟ್ರು ಅಂಗಿಯ ಜೇಬಿನಲ್ಲಿದ್ದ ಮೊಬೈಲ್ ಮುಟ್ಟಿ ನೋಡಿಕೊಂಡರು. ಕುಂಬಳಕಾಯಿ ಒಡೆಯುವಷ್ಟರಲ್ಲಿ ಮುಗಿಯಬಹುದು ಎಂದುಕೊಂಡಿದ್ದ ಮಾತು ಮಧ್ಯಾಹ್ನದವರೆಗೂ ನಡೆಯಿತು. ಯಾಕೆಂದರೆ ಯಜಮಾನರು ತಮಾಷೆಗೆ ಹೇಳಿದ್ದು ತಮಾಷೆಯಾಗಿರಲಿಲ್ಲ.

ಫೋನ್ ಸೋಲುವುದು ಎಲ್ಲಿ?

ಹಗಲಿನ ಬೆಳಕು, ನಿಂತ ಮನುಷ್ಯ, ವಾಟ್ಸ್ಆ್ಯಪ್‌ಗೆ ಹಾಕುವ ಚಿತ್ರ. ಇಷ್ಟೇ ಬೇಕಿದ್ದರೆ ಕ್ಯಾಮೆರಾ ಕೊಳ್ಳುವ ಗೊಡವೆಗೇ ಹೋಗಬೇಡಿ. ಫೋನ್ ಒಂದೇ ಒತ್ತಿಗೆ ಹಲವು ಫ್ರೇಮ್ ತೆಗೆದು, ಬೆಸೆದು, ಆಕಾಶದ ಬಿಳುಪನ್ನೂ ಮುಖದ ನೆರಳನ್ನೂ ಸರಿದೂಗಿಸಿ ಕೊಡುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಆ ಕೆಲಸವನ್ನು ನೀವೇ ಕೂತು ಮಾಡಬೇಕು.

ಫೋನ್ ತಡಬಡಾಯಿಸುವುದು ದೂರದ ಹಕ್ಕಿ, ರಾತ್ರಿಯ ಆಟ, ಓಡುವ ಕಂಬಳದ ಕೋಣ ಎದುರಾದಾಗ. ಹತ್ತಾರು ಫ್ರೇಮ್ ಬೆಸೆಯುವ ಉಪಾಯ ಅಲ್ಲಿ ನಡೆಯದು, ಎದುರಿಗಿರುವುದು ನಿಲ್ಲುವುದೇ ಇಲ್ಲವಲ್ಲ!

ಅಲ್ಲಿ ಗೆಲ್ಲಿಸುವುದು ಸೆನ್ಸರ್‌ನ ಗಾತ್ರ ಮತ್ತು ಮುಂದಿರುವ ಗಾಜು. ನಿಕಾನ್‌ನ ಅಗ್ಗದ ಡಿಎಸ್‌ಎಲ್‌ಆರ್‌ನ ಸೆನ್ಸರ್ 23.5×15.6 ಮಿಲಿಮೀಟರ್ ಇರುತ್ತದೆ. ಕ್ಯಾನನ್‌ನದು ಕೊಂಚ ಚಿಕ್ಕದು, 22.3×14.9. ‘ಒಂದಿಂಚಿನ ಸೆನ್ಸರ್’ ಎಂದು ಜಾಹೀರಾತಿನಲ್ಲಿ ಮೆರೆಯುವ ಲಕ್ಷ ರೂಪಾಯಿಯ ಫೋನಿನಲ್ಲೂ ಅದರ ವಿಸ್ತೀರ್ಣ ನಿಕಾನ್‌ನ ಮೂರರಲ್ಲಿ ಒಂದು ಪಾಲು. ಎಲ್ಲರ ಕೈಯಲ್ಲಿರುವ ಸಾಧಾರಣ ಫೋನುಗಳದ್ದು ಇನ್ನೂ ಪುಟ್ಟದು.

ಇನ್ನು ಮೆಗಾಪಿಕ್ಸೆಲ್. ಅಂಗಡಿಯವರು ಮೊದಲು ಹೇಳುವುದು ಇದನ್ನೇ, ಕೊಳ್ಳುವವರು ಕೊನೆಗೆ ನೋಡಬೇಕಾದದ್ದೂ ಇದನ್ನೇ. 2006ರ ನಿಕಾನ್ ಡಿ40ರಲ್ಲಿ 6 ಮೆಗಾಪಿಕ್ಸೆಲ್, ಇವತ್ತಿನ ಅಗ್ಗದ ಡಿಎಸ್‌ಎಲ್‌ಆರ್‌ನಲ್ಲಿ 24. ನಾಲ್ಕು ಪಟ್ಟು ಹೆಚ್ಚಿದಂತೆ ಕಂಡರೂ ಚಿತ್ರದ ಉದ್ದ–ಅಗಲ ಬೆಳೆದದ್ದು ಎರಡೇ ಪಟ್ಟು. 24 ಮೆಗಾಪಿಕ್ಸೆಲ್ ಎಂದರೆ 6000×4000 ಚುಕ್ಕಿ. ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿದರೆ 20 ಇಂಚು ಉದ್ದದ ಪ್ರಿಂಟ್. ಮದುವೆ ಆಲ್ಬಮ್ಮಿನ 12×18 ಹಾಳೆ ತುಂಬಿಯೂ ಮಿಗುತ್ತದೆ. ಹಳೆಯ 18 ಮೆಗಾಪಿಕ್ಸೆಲ್‌ನ ಬಾಡಿಯಲ್ಲೂ ಆ ಹಾಳೆ ಹೆಚ್ಚುಕಮ್ಮಿ ತುಂಬುತ್ತದೆ.

ರಾಜರ ಆಟಿಕೆ ಅಗ್ಗವಾದ ಬಗೆ

ಡಿಎಸ್‌ಎಲ್‌ಆರ್ ಒಳಗಿರುವ ಉಪಾಯ ಹಳೆಯದು. ಲೆನ್ಸಿನಿಂದ ಬಂದ ಬೆಳಕನ್ನು ಓರೆಯಾಗಿ ನಿಂತ ಕನ್ನಡಿ ಮೇಲಕ್ಕೆ ಹಾರಿಸುತ್ತದೆ. ನೀವು ಕಿಂಡಿಯಲ್ಲಿ ಕಣ್ಣಿಟ್ಟು ನೋಡುವುದು ಲೆನ್ಸ್ ಕಂಡದ್ದನ್ನೇ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೇಳುತ್ತದೆ, ಶಟರ್ ತೆರೆಯುತ್ತದೆ, ಬೆಳಕು ಸೆನ್ಸರ್‌ಗೆ ಬೀಳುತ್ತದೆ. ‘ಖಟಕ್’ ಎಂಬ ಸದ್ದು ಅದರದ್ದೇ. ಕಿಂಡಿಯಲ್ಲಿ ನೋಡಲು ಕರೆಂಟು ಬೇಡವಾದ್ದರಿಂದ ಬ್ಯಾಟರಿ ದಿನಗಟ್ಟಲೆ ಬರುತ್ತದೆ. ನಿಕಾನ್ ಡಿ3500ರಲ್ಲಿ ಒಂದು ಚಾರ್ಜಿಗೆ 1550 ಚಿತ್ರ ಎಂದು ಕಂಪನಿಯೇ ಲೆಕ್ಕ ಕೊಟ್ಟಿದೆ. ಈ ಕನ್ನಡಿಯೇ ಇಲ್ಲದ, ಆರಂಭಿಕರ ಮಿರರ್‌ಲೆಸ್‌ಗಳು ಮುನ್ನೂರು–ನಾನೂರಕ್ಕೆ ಸುಸ್ತಾಗುತ್ತವೆ.

2003ರಲ್ಲಿ ಕ್ಯಾನನ್ ತಂದ ಇಒಎಸ್ 300ಡಿ ಈ ಕಥೆಯ ತಿರುವು. ಅಮೆರಿಕದಲ್ಲಿ ಅದರ ಬಾಡಿಯ ಬೆಲೆ 899 ಡಾಲರ್. ಸಾವಿರ ಡಾಲರಿಗಿಂತ ಕೆಳಗೆ ಇಳಿದ ಮೊದಲ ಡಿಎಸ್‌ಎಲ್‌ಆರ್ ಅದು. ಮರುವರ್ಷವೇ ನಿಕಾನ್ ಡಿ70ರೊಂದಿಗೆ ಎದುರು ನಿಂತಿತು. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಎರಡು ವರ್ಷಕ್ಕೊಂದು ‘ಎಂಟ್ರಿ ಲೆವೆಲ್’ ಮಾದರಿ: ನಿಕಾನ್‌ನಲ್ಲಿ ಡಿ3100, ಡಿ3200, ಡಿ3300, ಕ್ಯಾನನ್‌ನಲ್ಲಿ 1100ಡಿ, 1200ಡಿ, 1300ಡಿ. ಮದುವೆ ಮನೆಯಲ್ಲಿ ಸ್ಟುಡಿಯೊದವರಿಗಿಂತ ಮುಂದೆ ಹೋಗಿ ನಿಲ್ಲುವ ಭಾವಮೈದುನರ ಕೊರಳಿಗೆ ಕಪ್ಪು ಪಟ್ಟಿ ಬಂದದ್ದು ಆ ವರ್ಷಗಳಲ್ಲೇ.

ಈಗ ಆ ನದಿ ಬತ್ತಿದೆ. ಸೋನಿ ತನ್ನ ಡಿಎಸ್‌ಎಲ್‌ಆರ್‌ಗಳನ್ನು 2021ರಲ್ಲಿ ಕೈಬಿಟ್ಟಿತು. ನಿಕಾನ್ ಡಿ3500 ಮತ್ತು ಡಿ5600ರ ತಯಾರಿಕೆ ನಿಂತಿದೆ. ಕ್ಯಾನನ್, ನಿಕಾನ್ ಇಬ್ಬರೂ ಹಿರಿಯರು ಹೊಸ ಬುದ್ಧಿಯನ್ನೆಲ್ಲ ಮಿರರ್‌ಲೆಸ್‌ಗೆ ಸುರಿಯುತ್ತಿದ್ದಾರೆ. ‘ಸತ್ತ ತಂತ್ರಜ್ಞಾನಕ್ಕೆ ಯಾಕೆ ದುಡ್ಡು?’ ಎಂದು ಬುದ್ಧಿ ಹೇಳುವವರು ಬೀದಿಗೊಬ್ಬರು. ವೃತ್ತಿಯವರು ಹೊಸದಕ್ಕೆ ಬದಲಾಗುತ್ತಿರುವುದರಿಂದಲೇ ಒಳ್ಳೆಯ ಬಾಡಿ, ಅದಕ್ಕಿಂತ ಒಳ್ಳೆಯ ಲೆನ್ಸುಗಳು ಹಳೆಯ ಮಾಲಿನ ಕಪಾಟಿಗೆ ಬಂದು ಬೀಳುತ್ತಿವೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

> ಬಾಕ್ಸ್ 1: ಕನ್ನಡಿಯ ಕಾಲಗಣನೆ
>
> 1959: ನಿಕಾನ್ ‘ಎಫ್’ ಮೌಂಟ್ ಬಂತು. ಇಂದಿನ ನಿಕಾನ್ ಡಿಎಸ್‌ಎಲ್‌ಆರ್‌ಗಳ ಬಾಯಿಯೂ ಅದೇ.
>
> 1987: ಕ್ಯಾನನ್ ಹಳೆಯದನ್ನು ಬಿಟ್ಟು ‘ಇಎಫ್’ ಮೌಂಟ್ ತಂದಿತು. ಫೋಕಸ್ ಮೋಟಾರು ಲೆನ್ಸಿನೊಳಗೆ ಸೇರಿತು.
>
> 1991: ಕೊಡಾಕ್ ಡಿಸಿಎಸ್. ನಿಕಾನ್ ಎಫ್3 ಬಾಡಿ, 1.3 ಮೆಗಾಪಿಕ್ಸೆಲ್. ಚಿತ್ರ ಉಳಿಸುವ ಪೆಟ್ಟಿಗೆಯನ್ನು ಹೆಗಲಿಗೆ ನೇತುಹಾಕಿಕೊಳ್ಳಬೇಕಿತ್ತು. ಬೆಲೆ 20 ಸಾವಿರ ಡಾಲರ್ ಆಸುಪಾಸು.
>
> 1999: ನಿಕಾನ್ ಡಿ1. 2.7 ಮೆಗಾಪಿಕ್ಸೆಲ್.
>
> 2012: ಲೆನ್ಸ್ ಬದಲಿಸುವ ಕ್ಯಾಮೆರಾಗಳ ಶಿಖರ. ಜಪಾನಿನ ತಯಾರಕರ ಸಂಘದ ಲೆಕ್ಕದಲ್ಲಿ ಆ ವರ್ಷ ಸುಮಾರು 2 ಕೋಟಿ ಕ್ಯಾಮೆರಾ ರವಾನೆ.
>
> 2020: ರವಾನೆಯ ಲೆಕ್ಕದಲ್ಲಿ ಮಿರರ್‌ಲೆಸ್ ಡಿಎಸ್‌ಎಲ್‌ಆರ್ ಅನ್ನು ಹಿಂದೆ ಹಾಕಿತು.

ಕ್ಯಾನನ್ನಾ, ನಿಕಾನಾ?

ಮೇಷ್ಟ್ರ ಮಗಳ ಪ್ರಶ್ನೆಗೆ ನೇರವಾಗಿಯೇ ಉತ್ತರಿಸೋಣ. ಎರಡೂ ಕಡೆಯ ಕೊನೆಯ ತಲೆಮಾರಿನ ಅಗ್ಗದ ಬಾಡಿಗಳೆಂದರೆ ಕ್ಯಾನನ್ 1500ಡಿ ಮತ್ತು ನಿಕಾನ್ ಡಿ3500. ಎರಡೂ ಬಂದದ್ದು 2018ರಲ್ಲಿ, ಎರಡಕ್ಕೂ 24 ಮೆಗಾಪಿಕ್ಸೆಲ್.

ಕೇವಲ ಸ್ಥಿರಚಿತ್ರಕ್ಕಾದರೆ ನನ್ನ ವೋಟು ಡಿ3500ಕ್ಕೆ. ಸೆಕೆಂಡಿಗೆ 5 ಚಿತ್ರ ಹೊಡೆಯುತ್ತದೆ, 1500ಡಿ ಹೊಡೆಯುವುದು 3. ಫೋಕಸ್ ಬಿಂದುಗಳು 11, ಅಲ್ಲಿ 9. ಬ್ಯಾಟರಿಯಲ್ಲಿ ಮೂರು ಪಟ್ಟು ಅಂತರ. ಬ್ಯಾಟರಿ, ಕಾರ್ಡು ಸೇರಿ 415 ಗ್ರಾಂ ತೂಗುತ್ತದೆ, ಕ್ಯಾನನ್ 475. ಎಲ್ಲಕ್ಕಿಂತ ಮುಖ್ಯ, ಕತ್ತಲಾದ ಚಿತ್ರವನ್ನು ಕಂಪ್ಯೂಟರ್‌ನಲ್ಲಿ ಬೆಳಗಿಸಿದಾಗ ನಿಕಾನ್‌ನ ನೆರಳು ಹೆಚ್ಚು ಚೊಕ್ಕಟವಾಗಿ ಮೇಲೇಳುತ್ತದೆ, ‘ನಾಯ್ಸ್’ ಎಂಬ ಕಾಳುಕಾಳು ಕಡಿಮೆ.

ಹಾಗಾದರೆ 1500ಡಿ ಯಾಕೆ ಬೇಕು? ಹೊಸ ಡಬ್ಬಿ, ಬಿಲ್ಲು, ವಾರಂಟಿ ಬೇಕೇಬೇಕು ಎನ್ನುವವರಿಗೆ. ಇನ್ನೊಂದು ದೊಡ್ಡ ಕಾರಣವೂ ಇದೆ, ಅದಕ್ಕೆ ಬರುತ್ತೇನೆ.

ಅದಕ್ಕೆ ಮೊದಲು ಒಂದು ಎಚ್ಚರಿಕೆ. 1500ಡಿ ಜೊತೆಗೇ ಕ್ಯಾನನ್ 3000ಡಿ ಎಂಬುದನ್ನೂ ತಂದಿತು. ಬೆಲೆ ಕಡಿಮೆ ಮಾಡಲು ಎಲ್ಲೆಲ್ಲಿ ಕತ್ತರಿ ಆಡಿಸಿದ್ದಾರೆ ನೋಡಿ: ಲೆನ್ಸ್ ಕೂರುವ ಮೌಂಟ್ ಲೋಹದ್ದಲ್ಲ, ಪ್ಲಾಸ್ಟಿಕ್. ಕಿಂಡಿಯಲ್ಲಿ ಕನ್ನಡಕದವರು ಪವರ್ ಹೊಂದಿಸಿಕೊಳ್ಳುವ ಗಾಲಿಯೂ ಇಲ್ಲ. ಆಫರ್ ಪುಟದಲ್ಲಿ ಎಲ್ಲಕ್ಕಿಂತ ಕೆಳಗಿನ ಬೆಲೆ ಕಂಡರೆ ಅದು ಬಹುಶಃ ಇದೇ. ಪುಟ ತಿರುವಿ. ಅದೇ ದುಡ್ಡಿಗೆ ಹಳೆಯ 1300ಡಿಯೋ ಡಿ3300ಓ ಸಿಕ್ಕರೆ ಹೆಚ್ಚು ಕ್ಷೇಮ.

ರೀಲ್ಸ್, ಯೂಟ್ಯೂಬ್ ಎನ್ನುವವರಿಗೆ ಮೇಲಿನ ಎರಡೂ ಬೇಡ. ಎರಡರಲ್ಲೂ ಮೈಕ್ ಚುಚ್ಚುವ ತೂತಿಲ್ಲ, ಪರದೆ ತಿರುಗುವುದಿಲ್ಲ, ವಿಡಿಯೊದಲ್ಲಿ ಫೋಕಸ್ ಹುಡುಕಾಡುತ್ತದೆ. ನಿಕಾನ್ ಡಿ3300ರಲ್ಲಿದ್ದ ಮೈಕ್ ಜಾಕ್ ಅನ್ನು ಡಿ3400ರಲ್ಲಿ ತೆಗೆದುಹಾಕಿದ್ದು ಯಾವ ಮಹಾತ್ಮನ ಐಡಿಯಾವೋ! ವಿಡಿಯೊಕ್ಕೆ 2017ರ ಕ್ಯಾನನ್ 200ಡಿ ಹುಡುಕಿ. ಅದರ ಸೆನ್ಸರ್ ಮೇಲೆಯೇ ಫೋಕಸ್ ಪತ್ತೆಹಚ್ಚುವ ವ್ಯವಸ್ಥೆ ಇದೆ, ಪರದೆ ಮುಂದಕ್ಕೆ ತಿರುಗುತ್ತದೆ, ಮೈಕ್ ಕೂಡ ಚುಚ್ಚಬಹುದು. ಮೂವತ್ತು ಸಾವಿರದೊಳಗೆ ಬೇಕೆಂದರೆ ಬಳಸಿದ್ದನ್ನೇ ಕೊಳ್ಳಬೇಕಾದೀತು.

ಮೋಟಾರಿನ ಮೋಸ

ಈಗ ಆ ದೊಡ್ಡ ಕಾರಣ.

ನಿಕಾನ್ 2006ರಲ್ಲಿ ಡಿ40 ತಂದಾಗ ಬಾಡಿಯೊಳಗಿನ ಫೋಕಸ್ ಮೋಟಾರನ್ನು ತೆಗೆದುಹಾಕಿತು. ಡಿ3000 ಮತ್ತು ಡಿ5000 ಸಾಲಿನ ಎಲ್ಲ ಕ್ಯಾಮೆರಾಗಳೂ ಹೀಗೆಯೇ. ಹಾಗಾಗಿ ಮೋಟಾರು ಲೆನ್ಸಿನೊಳಗೇ ಇರಬೇಕು. ಲೆನ್ಸಿನ ಹೆಸರಿನಲ್ಲಿ ‘ಎಎಫ್-ಎಸ್’ ಅಥವಾ ‘ಎಎಫ್-ಪಿ’ ಎಂದಿದ್ದರೆ ಸರಿ. ಬರೀ ‘ಎಎಫ್’ ಎಂದಿದ್ದು ಕೊನೆಯಲ್ಲಿ ‘ಡಿ’ ಇದ್ದರೆ ಅದು ಕೂರುತ್ತದೆ, ಚಿತ್ರವೂ ಬರುತ್ತದೆ, ಆದರೆ ಫೋಕಸ್ ಮಾಡಲು ನೀವೇ ಕೈಯಲ್ಲಿ ತಿರುಗಿಸುತ್ತ ಕೂರಬೇಕು.

ಅಗ್ಗಕ್ಕೆ ಸಿಕ್ಕಿತೆಂದು ‘50 ಎಂಎಂ 1.8 ಡಿ’ ತಂದು, ಡಿ3400ಕ್ಕೆ ಹಾಕಿ, ‘ಲೆನ್ಸ್ ಕೆಟ್ಟಿದೆ’ ಎಂದು ಅಂಗಡಿಗೆ ವಾಪಸು ಓಡುವವರು ಇಂದಿಗೂ ಇದ್ದಾರೆ. ಲೆನ್ಸ್ ಕೆಟ್ಟಿಲ್ಲ. ಅದಕ್ಕೆ ಮೋಟಾರೇ ಇಲ್ಲ.

ಉಲ್ಟಾ ಮೋಸವೂ ಒಂದಿದೆ. ಹೊಸ ‘ಎಎಫ್-ಪಿ’ ಲೆನ್ಸುಗಳು ಡಿ3200, ಡಿ5100ರಂಥ ಹಳೆಯ ಬಾಡಿಗಳಲ್ಲಿ ಫೋಕಸ್ಸೇ ಆಗುವುದಿಲ್ಲ, ಕೈಯಿಂದ ತಿರುಗಿಸಿದರೂ ಇಲ್ಲ. ಡಿ3300, ಡಿ5300ರಿಂದ ಮುಂದಿನವುಗಳಿಗೆ ತೊಂದರೆಯಿಲ್ಲ, ಸಾಫ್ಟ್‌ವೇರ್ ಹೊಸದಾಗಿರಬೇಕಷ್ಟೆ.

ಕ್ಯಾನನ್‌ನಲ್ಲಿ ಈ ತಲೆನೋವಿಲ್ಲ. 1987ರಿಂದ ಬಂದ ಯಾವ ಆಟೊಫೋಕಸ್ ‘ಇಎಫ್’ ಲೆನ್ಸ್ ಆದರೂ ಇಂದಿನ 1500ಡಿಯಲ್ಲಿ ಕೂತು ಫೋಕಸ್ ಮಾಡುತ್ತದೆ. ಹಳೆಯ ಲೆನ್ಸುಗಳನ್ನು ಒಂದೊಂದಾಗಿ ಕೂಡಿಹಾಕುವ ಯೋಚನೆಯಿದ್ದರೆ, ಬಾಡಿಯಲ್ಲಿ ಸೋತ ಕ್ಯಾನನ್ ಇಲ್ಲಿ ಗೆಲ್ಲುತ್ತದೆ. ತಮ್ಮನೋ ಚಿಕ್ಕಪ್ಪನೋ ಒಂದು ಲೆನ್ಸ್ ಎರವಲು ಕೊಡುವವರಿದ್ದರೆ ಅವರದು ಯಾವ ಕಂಪನಿಯೋ ಅದೇ ನಿಮ್ಮದು. ಬೇರೆ ಎಲ್ಲ ಹೋಲಿಕೆಗಿಂತ ಇದು ತೂಕದ ಕಾರಣ.

ಚೌಕಿಯ ಹೊರಗಿನ ಗಣಿತ

‘ಕ್ಯಾಮೆರಾ ಮುಖ್ಯವಲ್ಲ, ನೋಡುವ ಕಣ್ಣು ಮುಖ್ಯ’ ಎಂದು ವೇದಿಕೆ ಮೇಲೆ ಹೇಳುವವರ ಕೊರಳಲ್ಲಿ ಸಾಮಾನ್ಯವಾಗಿ ಮೂರು ಲಕ್ಷದ ಸಾಮಾನು ತೂಗುತ್ತಿರುತ್ತದೆ. ಮೂವತ್ತು ಸಾವಿರದವನಿಗೆ ಕ್ಯಾಮೆರಾ ಬಹಳ ಮುಖ್ಯ. ಆ ದುಡ್ಡು ಎಲ್ಲಿಗೆ ಹೋಗಬೇಕೆಂಬುದೇ ಪ್ರಶ್ನೆ.

ಯಕ್ಷಗಾನದ ರಾತ್ರಿ ತೆಗೆದುಕೊಳ್ಳಿ. ಬಯಲಾಟದ ರಂಗಸ್ಥಳ, ನಾಲ್ಕಾರು ಲೈಟು, ಧೀಂಗಿಣ ಹಾಕುತ್ತಿರುವ ವೇಷ. ಡಬ್ಬಿಯ ಜೊತೆ ಬರುವ 18–55 ಕಿಟ್ ಲೆನ್ಸನ್ನು 55ಕ್ಕೆ ಎಳೆದಿದ್ದೀರಿ. ಅಲ್ಲಿ ಅದರ ಬೆಳಕಿನ ಕಿಂಡಿ ತೆರೆಯುವುದು ಎಫ್ 5.6ರವರೆಗೆ ಮಾತ್ರ (ಎಫ್ ಅಂಕ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಬೆಳಕಿನ ಸೂಕ್ಷ್ಮತೆಯನ್ನು, ಅಂದರೆ ಐಎಸ್ಒವನ್ನು, 6400ಕ್ಕೆ ಏರಿಸಿದರೂ ಶಟರ್ ಸೆಕೆಂಡಿನ 60ನೇ ಒಂದು ಭಾಗಕ್ಕೆ ಬಂದು ನಿಂತಿತೆನ್ನಿ. ಕಿರೀಟ ಕಲಸಿಹೋಗುತ್ತದೆ, ಮುಖವರ್ಣಿಕೆ ಬಣ್ಣದ ಗೆರೆಯಾಗುತ್ತದೆ.

ಅದೇ ಬಾಡಿಗೆ ಎಫ್ 1.8ರ 50 ಎಂಎಂ ಲೆನ್ಸ್ ಹಾಕಿ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ 9.7 ಬರುತ್ತದೆ. ಅಂದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು! ಶಟರ್ ಈಗ ಸೆಕೆಂಡಿನ 500ನೇ ಒಂದು ಭಾಗವನ್ನೂ ದಾಟುತ್ತದೆ. ಗೆಜ್ಜೆಯ ಮಣಿ ಗಾಳಿಯಲ್ಲಿ ನಿಂತಿರುತ್ತದೆ. ವೇಷ ನಿಂತಲ್ಲೇ ಅಭಿನಯಿಸುವ ಹೊತ್ತಿನಲ್ಲಿ ಅಷ್ಟು ವೇಗ ಬೇಡ, ಐಎಸ್ಒವನ್ನು 6400ರಿಂದ 640ಕ್ಕೆ ಇಳಿಸಿ ನಾಯ್ಸ್ ಇಲ್ಲದ ಚಿತ್ರ ತೆಗೆಯಬಹುದು.

ಈ ಹತ್ತು ಪಟ್ಟನ್ನು ಬಾಡಿ ಬದಲಿಸಿ ಗಳಿಸಲು ಹೊರಟರೆ ಮನೆ ಮಾರಬೇಕು. ಲೆನ್ಸಿನಿಂದ ಗಳಿಸಲು ಹತ್ತು ಸಾವಿರದ ಆಸುಪಾಸು. ಕ್ಯಾನನ್‌ನವರು ‘50 ಎಂಎಂ 1.8 ಎಸ್‌ಟಿಎಂ’ ನೋಡಲಿ. ನಿಕಾನ್‌ನವರು ‘ಎಎಫ್-ಎಸ್ 35 ಎಂಎಂ 1.8 ಜಿ’ ಹಿಡಿಯಲಿ.

35 ಯಾಕೆ? ಸೆನ್ಸರ್ ರೋಲ್ ಕಾಲದ ಫ್ರೇಮಿಗಿಂತ ಚಿಕ್ಕದಾದ್ದರಿಂದ ಈ ಬಾಡಿಗಳಲ್ಲಿ ನೋಟ ಕಿರಿದಾಗುತ್ತದೆ. ನಿಕಾನ್‌ನಲ್ಲಿ ಒಂದೂವರೆ ಪಟ್ಟು, ಕ್ಯಾನನ್‌ನಲ್ಲಿ 1.6 ಪಟ್ಟು. 50 ಎಂಎಂ ಲೆನ್ಸ್ ಕ್ಯಾನನ್‌ನಲ್ಲಿ 80ರಂತೆ ವರ್ತಿಸುತ್ತದೆ. ರಂಗಸ್ಥಳಕ್ಕೆ ಚೆನ್ನ, ಒಬ್ಬರ ಮುಖಕ್ಕೆ ಇನ್ನೂ ಚೆನ್ನ. ಆದರೆ ಹತ್ತು–ಹನ್ನೆರಡು ಅಡಿಯ ಹಾಲ್‌ನಲ್ಲಿ ಮಗುವಿನ ನಾಮಕರಣ ತೆಗೆಯಲು ಹೋದರೆ ಬೆನ್ನು ಗೋಡೆಗೆ ತಾಗುತ್ತದೆ, ಅಜ್ಜಿ ಫ್ರೇಮಿನಾಚೆಗೆ ಉಳಿಯುತ್ತಾರೆ. ಅಲ್ಲಿ 35ರ ಅಗಲ ನೋಟವೇ ಗತಿ.

ಹಕ್ಕಿಯ ಹಿಂದೆ ಬಿದ್ದವರಿಗೆ

ಕರ್ನಾಟಕದಲ್ಲಿ ಕ್ಯಾಮೆರಾ ಎಂದರೆ ಅರ್ಧ ಜನಕ್ಕೆ ಹಕ್ಕಿ, ಹುಲಿ. ಅದಕ್ಕೆ ಕಾರಣವೂ ಇದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥವರು ಇಲ್ಲೊಂದು ಪರಂಪರೆಯನ್ನೇ ಕಟ್ಟಿದರು. ಮೂಡಿಗೆರೆಯ ತೋಟದಿಂದ ಲೇಖಕ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರವನ್ನೂ ಕಥೆಯನ್ನೂ ಕನ್ನಡಿಗರ ಮನೆಗೆ ತಂದರು. ಹಿರಿಯರು ಶುರು ಮಾಡಿದಾಗ ಆಟೊಫೋಕಸ್ ಇರಲಿಲ್ಲ. ರೋಲಿಗೆ ಮೂವತ್ತಾರೇ ಚಿತ್ರ, ಬಂದಿದೆಯೋ ಇಲ್ಲವೋ ಗೊತ್ತಾಗುತ್ತಿದ್ದದ್ದು ತೊಳೆಸಿದ ಮೇಲೆ.

ಇವತ್ತಿನ ಅಗ್ಗದ ದಾರಿ ಹೀಗಿದೆ: ಕ್ಯಾನನ್‌ಗೆ 55–250, ನಿಕಾನ್‌ಗೆ 70–300. ಇಲ್ಲೂ ಅಕ್ಷರಗಳನ್ನು ಓದಿಯೇ ಕೊಳ್ಳಿ. ಕ್ಯಾನನ್‌ನಲ್ಲಿ ‘ಐಎಸ್’, ನಿಕಾನ್‌ನಲ್ಲಿ ‘ವಿಆರ್’ ಇರಬೇಕು. ಕೈನಡುಕವನ್ನು ತಡೆಯುವ ವ್ಯವಸ್ಥೆ ಅದು. ನಿಕಾನ್ ‘ಎಎಫ್-ಪಿ 70–300’ ಎರಡು ರೂಪದಲ್ಲಿದೆ, ವಿಆರ್ ಇರುವುದು, ಇಲ್ಲದ್ದು. ನೋಡಲು ಅವಳಿ ಜವಳಿ. ಕ್ಯಾನನ್‌ನ ‘75–300’ ಹಳೆಯದು, ಐಎಸ್ ಇಲ್ಲ, ಫೋಕಸ್ ನಿಧಾನ. ‘ಎರಡು ಲೆನ್ಸ್ ಕಾಂಬೊ ಆಫರ್’ ಎಂಬುದರಲ್ಲಿ ಅದು ಅಡಗಿದ್ದರೆ ಕಾಂಬೊ ಬೇಡ.

ನಡುಕ ತಡೆಯುವ ವಿಆರ್ ಹಕ್ಕಿಯ ಚಲನೆಯನ್ನು ತಡೆಯದು. 300 ಎಂಎಂನಲ್ಲಿ ಶಟರ್ ಸೆಕೆಂಡಿನ 500ನೇ ಒಂದಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ, ರೆಕ್ಕೆ ಬಿಚ್ಚಿದರೆ ಅದರ ಎರಡು ಪಟ್ಟು ಬೇಕು. ಈ ಲೆನ್ಸುಗಳ ಕಿಂಡಿ ಕಿರಿದು, ಬೆಳಕು ಬೇಕು. ಬೆಳಗಿನ ಏಳರಿಂದ ಹತ್ತು ಅವುಗಳ ಕಾಲ.

ಜಾಗವನ್ನೂ ಬಜೆಟ್ಟಿಗೆ ತಕ್ಕಂತೆ ಆರಿಸಿಕೊಳ್ಳಬಹುದು. ಕಬಿನಿಯ ಸಫಾರಿಯಲ್ಲಿ ಹಿನ್ನೀರಿನಾಚೆಗಿನ ಹುಲಿಗೆ 300 ಎಂಎಂ ಸಾಲದು. ಅದೇ ಲೆನ್ಸ್ ರಂಗನತಿಟ್ಟಿನಲ್ಲಿ ರಾಜ್ಯವಾಳುತ್ತದೆ. ಅಲ್ಲಿ ದೋಣಿಯೇ ನಡುಗಡ್ಡೆಯ ಹತ್ತಿರ ಕರೆದೊಯ್ಯುತ್ತದೆ, ಚಮಚದ ಕೊಕ್ಕು, ಬಣ್ಣದ ಕೊಕ್ಕರೆ, ಬಂಡೆಯ ಮೇಲೆ ಬಾಯ್ತೆರೆದ ಮೊಸಳೆ ಎಲ್ಲವೂ ಅಳತೆಗೆ ಸಿಗುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಂತೂ ಗೂಡು ಕಟ್ಟುವ ಕಾಲದಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಕೂತಿರುತ್ತವೆ. ಲೆನ್ಸಿಗೆ ಎರಡು ಲಕ್ಷ ಸುರಿಯುವ ಮೊದಲು ಕೆಂಪು ಬಸ್ಸಿನ ಟಿಕೆಟ್ಟಿಗೆ ಒಂದಿಷ್ಟು ಸುರಿದು ನೋಡಿ.

> ಬಾಕ್ಸ್ 2: ಹಳೆಯದನ್ನು ಕೊಳ್ಳುವಾಗ ಕೌಂಟರ್ ಬಿಡಬೇಡಿ
>
> ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ನಿಕಾನ್‌ನಲ್ಲಿ ಶಟರ್ ಕೌಂಟ್ ಚಿತ್ರದ ಫೈಲಿನಲ್ಲೇ ದಾಖಲಾಗುತ್ತದೆ, ಕಂಪ್ಯೂಟರ್‌ನಲ್ಲಿ ಓದಬಹುದು. ಕ್ಯಾನನ್‌ನ ಅಗ್ಗದ ಬಾಡಿಗಳಲ್ಲಿ ಹಾಗಿಲ್ಲ, ಕೇಬಲ್ ಹಾಕಿ ತಂತ್ರಾಂಶದಿಂದ ನೋಡಬೇಕು. ಡಿ3500ರ ಶಟರ್ ಅನ್ನು ನಿಕಾನ್ ಪರೀಕ್ಷಿಸಿರುವುದು ಒಂದು ಲಕ್ಷ ಕ್ಲಿಕ್‌ಗೆ. ಒಂದೊಂದು ಮದುವೆಗೆ ಎರಡು–ಮೂರು ಸಾವಿರ ಹೊಡೆದ ಬಾಡಿ ನಾಲ್ಕೈದು ಸೀಸನ್ ಕಂಡಿದ್ದರೆ ಲೆಕ್ಕ ನೀವೇ ಹಾಕಿ.
>
> ಎಫ್ 16ರಲ್ಲಿ ಬರಿಯ ಆಕಾಶದ ಚಿತ್ರ ತೆಗೆಯಿರಿ. ಕಪ್ಪು ಚುಕ್ಕಿಗಳು ಕಂಡರೆ ಸೆನ್ಸರ್ ಮೇಲೆ ಧೂಳು, ಗೀರು ಕಂಡರೆ ವಾಪಸು ಕೊಡಿ. ಲೆನ್ಸ್ ಕ್ಯಾಪ್ ಮುಚ್ಚಿ ಹತ್ತು ಸೆಕೆಂಡಿನ ಚಿತ್ರ ತೆಗೆದರೆ ಕೆಟ್ಟು ಸದಾ ಬೆಳಗುವ ‘ಹಾಟ್’ ಪಿಕ್ಸೆಲ್ ಎಷ್ಟೆಂದು ಬಯಲಾಗುತ್ತದೆ. ಲೆನ್ಸನ್ನು ಹಿಡಿದು ಮೆಲ್ಲಗೆ ಅಲುಗಿಸಿ, ಮೌಂಟ್ ಲೊಡಲೊಡ ಎನ್ನಬಾರದು. ಫ್ಲ್ಯಾಷ್ ಎದ್ದು ನಿಂತು ಬೆಳಗಲಿ. ಬಿಲ್ಲಿನ ಸೀರಿಯಲ್ ನಂಬರು ಬಾಡಿಯ ಅಡಿಯಲ್ಲಿರುವುದಕ್ಕೆ ತಾಳೆಯಾಗಲಿ. ‘ಬಿಲ್ ಇಲ್ಲದೆ ಐದು ಸಾವಿರ ಕಡಿಮೆ’ ಎಂದರೆ ಅದು ಗ್ರೇ ಮಾಲೋ, ಕಳವು ಮಾಲೋ. ಎರಡಕ್ಕೂ ಇಲ್ಲಿನ ವಾರಂಟಿ ಸಿಗದು.

ಮಳೆನಾಡಿನ ಶತ್ರು

ಆಗುಂಬೆಯಿಂದ ಸುಳ್ಯದವರೆಗೆ ಯಾರನ್ನು ಕೇಳಿದರೂ ಲೆನ್ಸಿನ ನಿಜವಾದ ವೈರಿ ಯಾರೆಂದು ಹೇಳುತ್ತಾರೆ: ಫಂಗಸ್. ಬೀರುವಿನೊಳಗೆ, ಲೆದರ್ ಬ್ಯಾಗಿನಲ್ಲಿ, ಕತ್ತಲಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲಗಿದ ಲೆನ್ಸನ್ನು ದಸರೆಗೆ ತೆಗೆದರೆ ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳು. ಬೇಗ ಗಮನಿಸಿದರೆ ಬಿಚ್ಚಿ ಒರೆಸಿಕೊಡುವವರಿದ್ದಾರೆ. ತಡವಾದರೆ ಅದು ಗಾಜಿನ ಲೇಪವನ್ನೇ ತಿಂದು ಗುರುತು ಬಿಡುತ್ತದೆ, ಅದಕ್ಕೆ ಮದ್ದಿಲ್ಲ.

ಹಳೆಯ ಲೆನ್ಸ್ ಕೊಳ್ಳುವಾಗ ಮೊಬೈಲಿನ ಟಾರ್ಚನ್ನು ಹಿಂಬದಿಯಿಂದ ಬಿಟ್ಟು ಮುಂಬದಿಯಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣಕ್ಕೆ ಹೆದರಬೇಡಿ, ಚಿತ್ರದಲ್ಲಿ ಕಾಣವು. ಎಳೆ, ಮಬ್ಬು ಕಂಡರೆ ನಮಸ್ಕಾರ ಹೇಳಿ ಹೊರಡಿ, ಬೆಲೆ ಎಷ್ಟೇ ಇರಲಿ.

ಕಾಪಾಡಲು ಸಾವಿರಾರು ರೂಪಾಯಿಯ ಡ್ರೈ ಕ್ಯಾಬಿನೆಟ್ ಬೇಕಿಲ್ಲ. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ತೇವಾಂಶ ತೋರಿಸುವ ಪುಟ್ಟ ಮೀಟರ್, ಒಂದು ಹಿಡಿ ಬಣ್ಣದ ಸಿಲಿಕಾ ಜೆಲ್. ತೇವ ಕುಡಿದು ಬಣ್ಣ ಬದಲಾದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಮೊದಲಿನಂತೆ. ಮೀಟರು 40ರಿಂದ 50ರ ನಡುವೆ ಇರಲಿ. ಅಕ್ಕಿ ಡಬ್ಬದಲ್ಲಿ ಹೂತಿಡುವ ಹಳ್ಳಿ ಮದ್ದು ಮಾತ್ರ ಬೇಡ, ಹಿಟ್ಟಿನ ಧೂಳು ಒಳಗೆ ಸೇರುತ್ತದೆ.

ಆನ್‌ರೋಡ್ ಬೆಲೆ

ಬೈಕ್ ಕೊಳ್ಳುವಾಗ ‘ಆನ್‌ರೋಡ್ ಎಷ್ಟು?’ ಎಂದು ಮೊದಲು ಕೇಳುವ ನಾವು ಕ್ಯಾಮೆರಾ ಅಂಗಡಿಯಲ್ಲಿ ಎಕ್ಸ್‌ಶೋರೂಂ ಬೆಲೆಗೇ ತಲೆದೂಗಿಬಿಡುತ್ತೇವೆ. ಮೆಮೊರಿ ಕಾರ್ಡ್, ಮಳೆಗೆ ನೆನೆಯದ ಬ್ಯಾಗು, ರಬ್ಬರಿನ ಬ್ಲೋವರ್, ಡಬ್ಬಿ–ಸಿಲಿಕಾ. ಕ್ಯಾನನ್ ಆದರೆ ಇನ್ನೊಂದು ಬ್ಯಾಟರಿ. ಇವಕ್ಕೆ ಮೂರು–ನಾಲ್ಕು ಸಾವಿರ ಎತ್ತಿಟ್ಟೇ ಉಳಿದದ್ದನ್ನು ಎಣಿಸಿ. ಬ್ಲೋವರ್ ಅನ್ನು ಶೋಕಿ ಅಂದುಕೊಳ್ಳಬೇಡಿ: 1500ಡಿ, ಡಿ3500 ಎರಡರಲ್ಲೂ ಸೆನ್ಸರ್ ತಾನೇ ಧೂಳು ಕೊಡವಿಕೊಳ್ಳುವ ವ್ಯವಸ್ಥೆ ಇಲ್ಲ. ಬಾಯಿಂದ ಊದುವುದಂತೂ ಬೇಡವೇ ಬೇಡ, ಎಂಜಲು ಹಾರುತ್ತದೆ.

ತಿದ್ದುವ ತಂತ್ರಾಂಶಕ್ಕೆ ಮಾತ್ರ ಒಂದು ಪೈಸೆಯೂ ಬೇಡ. ನಿಕಾನ್ ‘ಎನ್‌ಎಕ್ಸ್ ಸ್ಟುಡಿಯೊ’ವನ್ನೂ ಕ್ಯಾನನ್ ‘ಡಿಜಿಟಲ್ ಫೋಟೊ ಪ್ರೊಫೆಷನಲ್’ ಅನ್ನೂ ಪುಕ್ಕಟೆ ಕೊಡುತ್ತವೆ. ಎರಡೂ ಬೇಡವೆಂದರೆ ‘ಡಾರ್ಕ್‌ಟೇಬಲ್’ ಇದೆ.

ಮೇಷ್ಟ್ರ ಮೂವತ್ತು ಸಾವಿರವನ್ನು ಸ್ಟುಡಿಯೊ ಯಜಮಾನರು ಚೀಟಿಯ ಹಿಂದೆ ಹಂಚಿದ್ದು ಹೀಗೆ: ಬಳಸಿದ ಬಾಡಿ, ಅದರ ಕಿಟ್ ಲೆನ್ಸಿಗೆ ಹದಿನೇಳು. ಎಫ್ 1.8ರ ಲೆನ್ಸಿಗೆ ಒಂಬತ್ತು. ಚಿಲ್ಲರೆ ಸಾಮಾನಿಗೆ ನಾಲ್ಕು. ಹಕ್ಕಿ ಲೆನ್ಸ್ ಬರುವ ವರ್ಷಕ್ಕೆ. ‘ಹೊಸ ಡಬ್ಬಿಯದ್ದೇ ಬೇಕು’ ಎಂದು ಮಗಳು ಮುಖ ಸಣ್ಣ ಮಾಡಿದಾಗ ಅವರು ತಮ್ಮ 50 ಎಂಎಂ ಅನ್ನು ಅವಳ ಕೈಗೆ ಕೊಟ್ಟು, ಅಂಗಡಿಯ ಹಿಂದಿನ ಮಬ್ಬು ಕೋಣೆಯಲ್ಲಿ ಅಪ್ಪನ ಚಿತ್ರವೊಂದನ್ನು ತೆಗೆಸಿದರು. ಆಮೇಲೆ ಡಬ್ಬಿಯ ಮಾತು ಬರಲಿಲ್ಲ.

ನನ್ನ ತಕರಾರು ಒಂದೇ. ಮನೆಯಲ್ಲಿ ದುಡ್ಡಿನ ಲೆಕ್ಕ ಬಿಗಿಯಿದ್ದು, ಕೆಟ್ಟರೆ ರಿಪೇರಿಗೆ ಮತ್ತೆ ಕೈಚಾಚುವ ಸ್ಥಿತಿಯಿದ್ದರೆ, ಹಳೆಯ ಬಾಡಿಯ ಜೂಜಿಗಿಂತ ಬಿಲ್ಲಿರುವ ಹೊಸ 1500ಡಿ ಕೊಂಡು, 50 ಎಂಎಂಗೆ ಯುಗಾದಿಯವರೆಗೆ ಕಾಯುವುದು ನೆಮ್ಮದಿ. ಚಿತ್ರ ಕೊಂಚ ಕಡಿಮೆ, ನಿದ್ದೆ ಹೆಚ್ಚು.

ಕೊನೆಗೆ ‘ನಾಳೆ ಮಿರರ್‌ಲೆಸ್‌ಗೆ ಹೋಗಬೇಕಾಗಿ ಬಂದರೆ ಇದೆಲ್ಲ ದಂಡವಲ್ಲವೇ?’ ಎಂಬ ಪ್ರಶ್ನೆ. ಬಾಡಿಯ ಬೆಲೆ ಬೀಳುತ್ತದೆ, ಅದು ಹೋದಂತೆಯೇ. ಲೆನ್ಸುಗಳು ಹೋಗುವುದಿಲ್ಲ. ಕ್ಯಾನನ್‌ನ ಇಎಫ್, ಇಎಫ್-ಎಸ್ ಲೆನ್ಸುಗಳೆಲ್ಲ ಒಂದು ಅಡಾಪ್ಟರ್ ಮೂಲಕ ಹೊಸ ‘ಆರ್’ ಸಾಲಿನ ಬಾಡಿಗಳಲ್ಲಿ ಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನ್‌ನ ಎಎಫ್-ಎಸ್, ಎಎಫ್-ಪಿ ಲೆನ್ಸುಗಳಿಗೂ ‘ಎಫ್‌ಟಿಝಡ್’ ಎಂಬ ಅಡಾಪ್ಟರ್ ಇದೆ. ಅಗ್ಗದ ಆ ‘ಡಿ’ ಲೆನ್ಸ್ ಅಲ್ಲೂ ಫೋಕಸ್ ಮಾಡದು. ಹಾಗಾಗಿ ಹಳೆಯ ಬಾಡಿ ಕೊಡಲು ಹೋದಾಗ ಅಂಗಡಿಯವರು ‘ಲೆನ್ಸೂ ಸೇರಿಸಿ ಕೊಟ್ಟುಬಿಡಿ ಸಾರ್, ಒಳ್ಳೆ ರೇಟ್ ಹಾಕ್ತೀನಿ’ ಎಂದರೆ, ಕಿಟ್ ಲೆನ್ಸ್ ಮಾತ್ರ ಕೊಟ್ಟು ಬನ್ನಿ.